ಹಸಿರು ದೀಪಕ್ಕೊಂದು ಅಂಬಾಸಿಡರ್

ಹಲಸೂರಿನ ಗರಡಿಮನೆ ಅಡ್ಡರಸ್ತೆಯ ತುದಿಯಲ್ಲಿರುವ ಸಿಗ್ನಲ್ಲಿನ ಹಸಿರು ದೀಪ ಒಂದು ಸೀನು ಬಂದು ಹೋಗುವಷ್ಟು ಹೊತ್ತು ಮಾತ್ರ ಉರಿಯುತ್ತಿತ್ತು. ಇದು ಬರೀ ಬಾಯಿಮಾತಲ್ಲ. ಪಂಚಾಕ್ಷರಿ ಅಲ್ಲಿ ಒಮ್ಮೆ ನಿಜವಾಗಿಯೂ ಸೀನಿದ್ದ. ಮೂಗು ಒರೆಸಿಕೊಂಡು ಗೇರು ಹಾಕುವಷ್ಟರಲ್ಲಿ ದೀಪ ಕೆಂಪಾಗಿ, ಎದುರಿನ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು ಲಾರಿಗಳು ಮತ್ತೆ ಹರಿಯತೊಡಗಿದ್ದವು. ಅವನ ಬಿಳಿ ಓಮ್ನಿ ವ್ಯಾನು ಬೆನ್ನಿನಲ್ಲಿ ನೂರಾರು ಜೋಳದ ರೊಟ್ಟಿ ಹೊತ್ತುಕೊಂಡು ನಿಂತಲ್ಲೇ ನಿಂತಿತ್ತು.

ಹಿಂದೆಲ್ಲ ಈ ಕಷ್ಟ ಇರಲಿಲ್ಲ. ಟ್ರಾಫಿಕ್ ಕಾನ್‌ಸ್ಟೇಬಲ್ ಸಾಯಬಣ್ಣ ರಸ್ತೆಯ ನಡುವೆ ನಿಂತು ಕೈಯಾಡಿಸುತ್ತಿದ್ದ. ಅವನು ಕಲಬುರಗಿ ಕಡೆಯವನು. ಗದಗಿನ ಪಂಚಾಕ್ಷರಿಯ ವ್ಯಾನು ಕಂಡರೆ ತವರಿನವರೇ ಬಂದರೇನೋ ಎಂಬಂತೆ ಇಡೀ ಮುಖ್ಯರಸ್ತೆಯನ್ನು ತಡೆದು ದಾರಿ ಬಿಡುತ್ತಿದ್ದ. ಆಗಾಗ ಒಂದು ಪೊಟ್ಟಣ ಶೇಂಗಾ ಹಿಂಡಿ ಅವನ ಜೇಬು ಸೇರುತ್ತಿತ್ತು. ಈಗ ಅಲ್ಲಿ ಕಂಬದ ಮೇಲೊಂದು ಕ್ಯಾಮರಾ, ಕಂಬದ ಬುಡದಲ್ಲೊಂದು ಬೂದು ಬಣ್ಣದ ಡಬ್ಬಿ. ಯಾವ ಕಡೆ ಎಷ್ಟು ಹಸಿರು, ಎಷ್ಟು ಕೆಂಪು ಎಂದು ಆ ಡಬ್ಬಿಯೇ ತೀರ್ಮಾನ ಮಾಡುತ್ತದೆ. ಮುಖ್ಯರಸ್ತೆಗೆ ಹೊಟ್ಟೆ ತುಂಬ ಹಸಿರು ಬಡಿಸಿ, ಅಡ್ಡರಸ್ತೆಗೆ ಉಪ್ಪಿನಕಾಯಿಯಷ್ಟು ಮುಟ್ಟಿಸುತ್ತದೆ. ಡಬ್ಬಿಗೆ ಶೇಂಗಾ ಹಿಂಡಿ ತಿನ್ನಿಸುವ ದಾರಿ ಪಂಚಾಕ್ಷರಿಗೆ ತಿಳಿಯಲಿಲ್ಲ.

ಪಂಚಾಕ್ಷರಿಯ ಹೆಂಡತಿ ಗುರುದೇವಿ ಬಾಡಿಗೆ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯುವುದು ಅವಳು, ಮುಟ್ಟಿಸುವುದು ಅವನು. ಮಹದೇವಪುರದ ಒಂದು ಕಂಪನಿಯ ಕ್ಯಾಂಟೀನಿನಿಂದ ಎರಡನೇ ಶಿಫ್ಟಿನವರಿಗೆ ದಿನಾ ಮಧ್ಯಾಹ್ನ ರೊಟ್ಟಿ ಊಟ ಕಳಿಸಬೇಕೆಂಬ ಆರ್ಡರು ಬಂದಾಗ ಗುರುದೇವಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅದನ್ನೇ ನಂಬಿ ಇನ್ನಿಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು. ಆದರೆ ಆ ಡಬ್ಬಿಯ ದೆಸೆಯಿಂದ ಊಟ ಎರಡು ಸಲ ತಡವಾಗಿತ್ತು. ಬೇಗ ಹೊರಡೋಣವೆಂದರೆ ರೊಟ್ಟಿ ಬಿಸಿಯಾಗಿಯೇ ಬರಬೇಕೆಂಬುದು ಅವರ ಕರಾರು.

ಆ ದಿನ ಬೆಳಿಗ್ಗೆ ಕ್ಯಾಂಟೀನಿನ ಮೇಲ್ವಿಚಾರಕಿ ಮೋನಿಷಾ ಫೋನ್ ಮಾಡಿದಳು.

"ಸಾರ್, ಇವತ್ತು ಒಂದು ಗಂಟೆಗೆ ಊಟ ಗೇಟ್ ಒಳಗಡೆ ಇರ್ಬೇಕು. ಇವತ್ತೂ ಲೇಟಾದ್ರೆ ಸಾರಿ, ನಾಳೆಯಿಂದ ಚಪಾತಿಯವರಿಗೆ ಕೊಟ್ಬಿಡ್ತೀವಿ."

ಚಪಾತಿ! ಆ ಮಾತು ಪಂಚಾಕ್ಷರಿಯ ಎದೆಗೆ ನಾಟಿತು. ಆರ್ಡರು ಹೋಗುವುದಾದರೂ ಒಂದು ಮರ್ಯಾದೆ ಬೇಡವೇ? ಇಡ್ಲಿಯವರ ಪಾಲಾದರೂ ಆಗಲಿ, ಅನ್ನ ಸಾರಿನವರ ಪಾಲಾದರೂ ಆಗಲಿ. ಮೈದಾ ಬೆರೆಸಿದ ಚಪಾತಿಯ ಎದುರು ಗುರುದೇವಿಯ ರೊಟ್ಟಿ ಸೋಲುವುದೆಂದರೆ ಏನರ್ಥ? ಅವನು ಅಂಗಿಯ ತೋಳು ಮಡಚಿಕೊಂಡು ನೇರವಾಗಿ ಸಿಗ್ನಲ್ಲಿಗೆ ನಡೆದ.

ಸಾಯಬಣ್ಣ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಡಬ್ಬಿಯನ್ನು ನೋಡುತ್ತಿದ್ದ. ಅವನ ಈಗಿನ ಕೆಲಸ ಅದೇ ಆಗಿತ್ತು.

"ಸಾಯಬಣ್ಣ, ಮಧ್ಯಾಹ್ನ ನಮ್ಮ ಕಡೆ ಸ್ವಲ್ಪ ಹಸಿರು ಬಿಡೋ ಮಾರಾಯಾ. ನಾನೇನು ನಿನ್ನ ಹೊಲ ಕೇಳಾಕತ್ತೀನೇನು?"

"ನನ್ನ ಕೈಯಾಗ ಏನದ್ರಿ ಯಣ್ಣಾ ಈಗ? ಎಲ್ಲಾ ಆ ಡಬ್ಬಿನೇ ಮಾಡ್ತದ. ಖರೇ ಹೇಳ್ಬೇಕಂದ್ರ ಛಲೋನೇ ಮಾಡ್ತದ. ಅದು ಬಂದಾಗಿಂದ ಇಲ್ಲಿ ಒಬ್ಬರದೂ ತಲಿ ಒಡದಿಲ್ಲ. ಆಂಬುಲೆನ್ಸ್ ಬಂದ್ರ ತಾನೇ ದಾರಿ ಬಿಡ್ತದ. ನನ್ನ ಸೀಟಿ ನೋಡ್ರಿ, ತುಕ್ಕ ಹಿಡಿಲಾಕತ್ತದ."

"ಮೇನ್ ರೋಡಿನವರ ತಲಿ ಉಳಿಸಾಕ ನಮ್ಮ ರೊಟ್ಟಿ ಆರಬೇಕೇನು? ಅದರ ಕೀಲಿ ನಿನ್ನ ಕಡೇನೇ ಐತಲ್ಲ, ತಗದು ಒಂದೀಟು ತಿರುವು."

"ಕೀಲಿ ಅದ. ಆದ್ರ ಜಾಮ್ ಆದ್ರ ಇಲ್ಲಾ ಆಕ್ಸಿಡೆಂಟ್ ಆದ್ರ ಮಾತ್ರ ತಗೀಬೇಕು ಅಂತ ಸಾಹೇಬರ ಆರ್ಡರ್ ಅದ. ಈ ಡಬ್ಬಿ ಬಂದಮ್ಯಾಲ ಜಾಮೇ ಆಗವಲ್ದು, ನಾ ಏನ್ ಮಾಡ್ಲಿ?" ಎಂದು ಸಾಯಬಣ್ಣ ನಿಟ್ಟುಸಿರು ಬಿಟ್ಟ. ಜಾಮಿಲ್ಲದ ರಸ್ತೆಯನ್ನು ನೋಡಿ ಇಷ್ಟು ದುಃಖಪಡುವ ಮನುಷ್ಯನನ್ನು ಬೆಂಗಳೂರು ಅದುವರೆಗೆ ಕಂಡಿರಲಿಲ್ಲ.

ಮನೆಗೆ ಮರಳಿದಾಗ ಮೇಲಿನ ಮನೆಯ ಬಾಡಿಗೆದಾರ ಮಧುಕರ್ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ. ಫೋಟೋದಲ್ಲಿರುವುದು ಆಟೋವೋ ಹಸುವೋ ಎಂದು ಕಂಪ್ಯೂಟರಿಗೆ ಹೇಳಿಕೊಡುವುದು ಅವನ ಉದ್ಯೋಗ. ಪಂಚಾಕ್ಷರಿ ಡಬ್ಬಿಗೆ ಹಾಕುತ್ತಿದ್ದ ಶಾಪ ಕೇಳಿ ಅವನು ನಕ್ಕ.

"ಅಂಕಲ್, ಅದು ಯಾರ ಮುಖಾನೂ ನೋಡಲ್ಲ. ರೆಡ್ ಲೈಟಲ್ಲಿ ಎಷ್ಟು ವೆಹಿಕಲ್ ನಿಂತಿದೆ ಅಂತ ಕೌಂಟ್ ಮಾಡುತ್ತೆ. ಜಾಸ್ತಿ ಇದ್ದೋರಿಗೆ ಜಾಸ್ತಿ ಗ್ರೀನ್. ನಮ್ಮ ರೋಡಲ್ಲಿ ನಿಲ್ಲೋದು ನಿಮ್ಮ ಓಮ್ನಿ, ಇನ್ನೆರಡು ಸ್ಕೂಟರ್. ಅದಕ್ಕೆ ಎಷ್ಟು ಕೊಡ್ಬೇಕೋ ಅಷ್ಟೇ ಕೊಡುತ್ತೆ."

"ಅಂದ್ರ ತಲಿ ಎಣಿಸಿ ಕೊಡ್ತೈತಿ?"

"ಹಂಗೇ ಅನ್ಕೊಳ್ಳಿ."

"ಮತ್ತ ಆ ಗಾಡಿ ಓಡೋ ಗಾಡೀನೇ ಇರಬೇಕೇನು?"

ಮಧುಕರ್ ಕಾಫಿ ಲೋಟ ಕೆಳಗಿಟ್ಟು ಯೋಚಿಸಿದ. "ಓಡುತ್ತೋ ಇಲ್ವೋ ಅಂತ ಅದಕ್ಕೆ ಹೆಂಗ್ ಗೊತ್ತಾಗುತ್ತೆ ಅಂಕಲ್? ರೆಡ್ ಲೈಟಲ್ಲಿ ಎಲ್ಲಾ ಗಾಡಿನೂ ನಿಂತೇ ಇರುತ್ತೆ."

ಪಂಚಾಕ್ಷರಿ ಬೀದಿಯುದ್ದಕ್ಕೂ ನಿಂತಿದ್ದ ಹಳೇ ಗಾಡಿಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಅವನ ಮೀಸೆಯ ಕೆಳಗೆ ಒಂದು ನಗು ಮೂಡಿತು. ಗದಗಿನಲ್ಲಿ ಕಾಲೇಜು ಓದುವಾಗ ಅವನು ಮುಷ್ಕರಗಳಲ್ಲಿ ಘೋಷಣೆ ಕೂಗಿದವನು. ಆ ರಕ್ತ ಇಷ್ಟು ವರ್ಷ ರೊಟ್ಟಿ ಡಬ್ಬಿಗಳ ನಡುವೆ ತಣ್ಣಗೆ ಮಲಗಿತ್ತು, ಈಗ ಎದ್ದು ಕೂತಿತು. "ತಲಿ ಎಣಿಸ್ತೀಯಾ? ಎಣಿಸು ಮಗನ. ಎಣಿಸಿ ಎಣಿಸಿ ಸಾಕಾಗಬೇಕು ನಿನಗ!" ಎಂದು ಸಿಗ್ನಲ್ಲಿನ ದಿಕ್ಕಿಗೆ ಕೈಯೆತ್ತಿ ಕೂಗಿದ.

ಸುದ್ದಿ ಮೊದಲು ಮುಟ್ಟಿದ್ದು ಮನೆ ಓನರ್ ಮುನಿರಾಜಪ್ಪನವರಿಗೆ. ಹಲಸೂರಿನ ಹಳೇ ಮನೆತನ, ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಬೀದಿಯಲ್ಲಿ ಏನೇ ನಡೆದರೂ ಅದು ತಮ್ಮನ್ನು ಕೇಳಿ ನಡೆಯಬೇಕೆಂಬುದು ಅವರ ಅಭಿಪ್ರಾಯ. ಡಬ್ಬಿ ಕೇಳದೆ ಬಂದಿತ್ತು.

"ನಮ್ಮಪ್ಪನ ಕಾಲ್ದಲ್ಲಿ ನಮ್ ಎತ್ತಿನ ಗಾಡಿ ಈ ರಸ್ತೇಲಿ ಹೊರಟ್ರೆ ಮಿಲಿಟರಿ ಲಾರಿಗಳೇ ನಿಂತ್ಕೊಂಡು ದಾರಿ ಬಿಡ್ತಿದ್ವು ಕಣಪ್ಪಾ. ಈಗ ಒಂದು ತಗಡು ಡಬ್ಬ ನಮ್ಮನ್ನ ಲೆಕ್ಕಕ್ಕೇ ತಗೊಳಲ್ಲ ಅಂತದಾ? ನಮ್ ಅಂಬಾಸಿಡರ್ ಇಳಿಸ್ತೀನಿ ಇವತ್ತು. ನೋಡ್ಲಿ ಅದು!"

ಓನರೇ ಹೊರಟ ಮೇಲೆ ಬೀದಿ ಸುಮ್ಮನಿರುತ್ತದೆಯೇ? ಗೋಡೆ ಬದಿಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಮಲಗಿದ್ದ ಸ್ಕೂಟರುಗಳು ಎದ್ದವು. ಮಗನಿಗೆ ಕೆಲಸ ಸಿಕ್ಕಿದಂದಿನಿಂದ ಯಾರೂ ಮುಟ್ಟದ ಬೈಕು, ಸೀಟಿಲ್ಲದ ಆಟೋ, ಗಣೇಶನನ್ನು ಕೂರಿಸುವ ಟ್ರಾಲಿ, ಕಾಂಕ್ರೀಟ್ ಕಲಸುವ ಯಂತ್ರ, ರಸೆಲ್ ಮಾರುಕಟ್ಟೆಯಿಂದ ತರಕಾರಿ ತಂದಿಳಿಸಿ ಮಲಗಿದ್ದ ಮಿನಿ ಲಾರಿ, ಎಲ್ಲವೂ ತಳ್ಳಿಸಿಕೊಂಡು ಬಂದವು. ಮೂಲೆಯಲ್ಲಿ ಇಸ್ತ್ರಿ ಹಾಕುವ ಮುತ್ತುರಾಜ್ ಮಾತ್ರ ಅಳುಕಿದ.

"ಸಾರ್, ನನ್ ಗಾಡಿಗೆ ಗಾಲಿ ಏನೋ ಇದೆ. ಆದ್ರೆ ನಮ್ಮಪ್ಪ ಇಲ್ಲಿ ನಿಲ್ಸಿದ್ಮೇಲೆ ತಿರುಗೇ ಇಲ್ಲ. ಕ್ಯಾಮರಾ ಒಪ್ಕೊಳ್ಳುತ್ತಾ ಸಾರ್?"

"ಗಾಲಿ ಕಂಡ್ರೆ ಒಪ್ಕೊಳ್ಳುತ್ತೆ ಅಣ್ಣಾ" ಎಂದ ಮಧುಕರ್. ಅವನಿಗೂ ಈಗ ಹುರುಪು ಬಂದಿತ್ತು. "ಇಸ್ತ್ರಿಪೆಟ್ಟಿಗೇಲಿ ಕೆಂಡ ಇರ್ಲಿ. ಹೊಗೆ ಬಂದ್ರೆ ಲಾರಿ ಅನ್ಕೊಂಡ್ರೂ ಅನ್ಕೊಳ್ಳುತ್ತೆ."

"ಅಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ನೆನೆಯುತ್ತ ಮುತ್ತುರಾಜ್ ಗಾಲಿಗೆ ಒತ್ತಿದ್ದ ಇಟ್ಟಿಗೆಗಳನ್ನು ತೆಗೆದ.

ಇನ್ನು ಸಾಲು ಕಟ್ಟುವುದು. ರೊಟ್ಟಿ ಡಬ್ಬಿಗಳನ್ನು ವ್ಯಾನಿಗೆ ಏರಿಸಿದ ಗುರುದೇವಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಒಂದೇ ಮಾತು ಹೇಳಿದಳು.

"ರೀ, ನಿಮ್ಮ ವ್ಯಾನು ಎಲ್ಲಾರಿಗಿಂತ ಮುಂದ ನಿಲ್ಲಿಸ್ರಿ. ಹೋಗಬೇಕಾದೋರು ನೀವೊಬ್ಬರ."

ಅಷ್ಟು ಹೊತ್ತು ಅಲ್ಲಿ ಆಡಿದ ಮಾತುಗಳಲ್ಲಿ ಬುದ್ಧಿಯ ಮಾತೆಂದರೆ ಅದೊಂದೇ. ಆದ್ದರಿಂದ ಯಾರೂ ಕೇಳಲಿಲ್ಲ.

"ನಿನಗೇನ್ ತಿಳೀತೈತಿ?" ಎಂದು ಪಂಚಾಕ್ಷರಿ ಪಿಸುಗುಟ್ಟಿದ. "ಓನರ್ ಗಾಡಿ ಹಿಂದಿಟ್ಟು ನಾವು ಮುಂದ ನಿಲ್ಲೂದೇನು? ಬಾಡಿಗಿ ಮನ್ಯಾಗ ಅದೀವಿ, ನೆನಪಿರ್ಲಿ."

ಯಾವ ಮೆರವಣಿಗೆಯಲ್ಲಾದರೂ ಮುನಿರಾಜಪ್ಪನವರು ಮುಂದೆಯೇ. ಕರಗ ನೋಡಲು ಹೊರಟರೂ ಮುಂದೆ, ಸಾವಿಗೆ ಹೊರಟರೂ ಹೆಣಕ್ಕಿಂತ ನಾಲ್ಕು ಹೆಜ್ಜೆ ಮುಂದೆ. ಹಾಗಾಗಿ ಅವರ ಕೆನೆ ಬಣ್ಣದ ಅಂಬಾಸಿಡರನ್ನು ಆರೇಳು ಜನ ತಳ್ಳಿ ತಂದು ಬಿಳಿ ಗೆರೆಯ ಮೇಲೆ ನಿಲ್ಲಿಸಿದರು. ಅವರ ಹೆಂಡತಿ ಮುನಿವೆಂಕಟಮ್ಮ ಕಾರಿಗೆ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮುನಿರಾಜಪ್ಪನವರು ಒಗೆದ ಪಂಚೆಯುಟ್ಟು ಸ್ಟೇರಿಂಗ್ ಹಿಂದೆ ಕೂತರು. ಅವರ ಬೆನ್ನಿಗೆ ಪಂಚಾಕ್ಷರಿಯ ಓಮ್ನಿ, ಓಮ್ನಿಯ ಬೆನ್ನಿಗೆ ಹೊಗೆಯಾಡುವ ಇಸ್ತ್ರಿ ಗಾಡಿ, ಅದರಾಚೆ ಬೀದಿ ತಿರುಗುವ ತನಕ ಬೀದಿಯ ಸಕಲ ಚಕ್ರಗಳು. ಅಡ್ಡರಸ್ತೆ ಎಷ್ಟು ಕಿರಿದೆಂದರೆ ಒಂದು ಸಾಲು ನಿಂತರೆ ಪಕ್ಕದಲ್ಲಿ ನಾಯಿಯೂ ಅಡ್ಡಡ್ಡ ನಡೆಯಬೇಕು.

ದೀಪ ಕೆಂಪಾಗಿಯೇ ಇತ್ತು. ಕಂಬದ ಮೇಲಿನ ಕ್ಯಾಮರಾ ಇವರನ್ನು ನೋಡಿತು. ಇವರು ಅದನ್ನು ನೋಡಿದರು. ಪಂಚಾಕ್ಷರಿ ಕಿಟಕಿಯಿಂದ ತಲೆ ಹೊರಹಾಕಿ ಮೀಸೆ ತಿರುವಿದ.

ಟಕ್ಕೆಂದು ಹಸಿರಾಯಿತು. ಪಕ್ಕದಲ್ಲಿ ಅಂಕಿ ಬಂತು: ತೊಂಬತ್ತು!

ಗರಡಿಮನೆ ಅಡ್ಡರಸ್ತೆ ಕುಣಿದುಬಿಟ್ಟಿತು. ಯಾರೋ ಶಿಳ್ಳೆ ಹಾಕಿದರು, ಯಾರೋ ಟೋಪಿ ಎಸೆದರು. ಮಧುಕರ್ ಮೊಬೈಲಿನಲ್ಲಿ ಫೋಟೋ ತೆಗೆದ. ಮುತ್ತುರಾಜ್ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಹಿಡಿದು ಮೆರೆದ. ಪಂಚಾಕ್ಷರಿ ಗಂಟಲು ಬಿರಿಯುವಂತೆ "ನಮ್ಮ ಪಾಲು ನಮಗ!" ಎಂದು ಕೂಗಿದ. ಬೀದಿಯೂ ಅದನ್ನೇ ಕೂಗಿತು. ಹೀಗೆ ಕೂಗಿ ಕುಣಿದು ಸಮಾಧಾನವಾಗುವಷ್ಟರಲ್ಲಿ ಅಂಕಿ ಅರ್ಧಕ್ಕಿಳಿದಿತ್ತು. ಆಗ ಪಂಚಾಕ್ಷರಿ ಗೇರು ಹಾಕಿ, ಮುಂದಿನ ಕಾರು ಹೊರಡಲೆಂದು ಮೆಲ್ಲಗೆ ಹಾರ್ನ್ ಒತ್ತಿದ.

ಕಾರು ಹೊರಡಲಿಲ್ಲ. ಅದು ಹೊರಡುವ ಕಾರಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಗಾಡಿ ನಿಲ್ಲಿಸುವ ಉತ್ಸಾಹದಲ್ಲಿ, ಹಸಿರು ಬಂದ ಮೇಲೆ ಹೊರಡಬೇಕಾಗುತ್ತದೆ ಎಂಬ ಭಾಗವನ್ನು ಮಾತ್ರ ಎಲ್ಲರೂ ಮರೆತಿದ್ದರು.

"ಯಜಮಾನ್ರ, ಸ್ವಲ್ಪ ಬಾಜೂಕ ಸರೀರಿ, ನಾ ಮುಂದ ಹೋಗ್ತೀನಿ" ಎಂದು ಪಂಚಾಕ್ಷರಿ ದೈನ್ಯದಿಂದ ಕೇಳಿದ.

ಮುನಿರಾಜಪ್ಪನವರು ಕುತ್ತಿಗೆ ತಿರುಗಿಸಿದರು. "ಏನಂದೆ? ನನ್ ಗಾಡಿನ ದಾಟ್ಕೊಂಡು ಹೋಗ್ತೀಯಾ? ತಳ್ರೋ ಇದನ್ನ! ನಾನೇ ಮುಂದೆ ಹೋಗ್ತೀನಿ."

ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದಿತು. ಮುತ್ತುರಾಜನೂ ಹುರುಪಿನಲ್ಲಿ ತನ್ನ ಇಸ್ತ್ರಿ ಗಾಡಿಯನ್ನು ಒಂದು ಮಾರು ಮುಂದಕ್ಕೆ ನೂಕಿದ. ಅಪ್ಪನ ಕಾಲದ ಗಾಲಿ ಅಷ್ಟಕ್ಕೇ ಲಟಕ್ಕೆಂದು ಮುರಿದು, ಗಾಡಿ ರಸ್ತೆಯ ನಡುವೆ ಕೂತುಬಿಟ್ಟಿತು. ಇತ್ತ ಅಂಬಾಸಿಡರ್ ಮುಖ್ಯರಸ್ತೆಯ ನಟ್ಟನಡುವಿಗೆ ಹೋಗಿ ತಲುಪುವುದಕ್ಕೂ ದೀಪ ಕೆಂಪಾಗುವುದಕ್ಕೂ ಸರಿಹೋಯಿತು. ತಳ್ಳುತ್ತಿದ್ದವರು, ಎರಡೂ ಕಡೆಯಿಂದ ನುಗ್ಗಿದ ಬಸ್ಸುಗಳನ್ನು ಕಂಡು ಕೈಬಿಟ್ಟು ಓಡಿದರು. ಕೀರೆಂದು ಬ್ರೇಕುಗಳ ಸದ್ದು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಳೇ ಮದ್ರಾಸ್ ರಸ್ತೆ ಅಷ್ಟುದ್ದಕ್ಕೂ ನಿಂತುಹೋಯಿತು. ಹಾರ್ನುಗಳ ಅಬ್ಬರದ ನಡುವೆ ಹಾರ ಹಾಕಿಕೊಂಡ ಅಂಬಾಸಿಡರಿನಲ್ಲಿ ಮುನಿರಾಜಪ್ಪನವರು ಎದೆ ಸೆಟೆಸಿ ಕೂತಿದ್ದರು. ತಂದೆಯ ಎತ್ತಿನ ಗಾಡಿಯ ಕಾಲ ಮತ್ತೆ ಬಂದಿತ್ತು.

ಪಾಪ, ಒಬ್ಬ ಬಸ್ ಡ್ರೈವರ್ ಸಹಾಯಕ್ಕೆಂದು ಇಳಿದು ಬಂದ. "ಬಾನೆಟ್ ಎತ್ತಿ ಯಜಮಾನ್ರೇ, ಬ್ಯಾಟರಿ ವಯರ್ ಲೂಸ್ ಆಗಿರುತ್ತೆ" ಎಂದು ತಾನೇ ಎತ್ತಿದ. ಒಳಗೆ ತೆಂಗಿನಕಾಯಿ ತುಂಬಿದ್ದವು.

"ಮುಟ್ಬೇಡಪ್ಪ, ದೇವ್ರಿಗೆ ಇಟ್ಟಿರೋದು" ಎಂದು ಮುನಿವೆಂಕಟಮ್ಮ ಈಚೆಯಿಂದ ಕೂಗಿದರು.

ಇಷ್ಟರಲ್ಲಿ ಹೊಂಗೆ ಮರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಬಿದ್ದಿತು. ಸಾಯಬಣ್ಣ ಎದ್ದಿದ್ದ. "ಜಾಮ್ ಆತು! ಜಾಮ್ ಆತು!" ಎಂದು ಹಬ್ಬದ ದನಿಯಲ್ಲಿ ಕೂಗುತ್ತ ಓಡಿ ಬಂದವನೇ ಸೀಟಿ ಊದಿದ. ಸೊಂಟದ ಕೀಲಿಯಿಂದ ಡಬ್ಬಿ ತೆಗೆದು ಗುಂಡಿ ಒತ್ತಿದ. ಎರಡೂ ಕೈ ಬೀಸುತ್ತ ಪಂಚಾಕ್ಷರಿಯನ್ನು ಕರೆದ.

"ಬರ್ರಿ ಯಣ್ಣಾ, ಬರ್ರಿ! ಬಲಗಡಿ ಓನರ್ ಕುಂತಾರ, ಎಡಕ್ಕ ಹೋಗಿ ಮುಂದ ಯೂ-ಟರ್ನ್ ಹೊಡೀರಿ. ಹೋಗ್ರಿ ಲಗೂನ!"

ಪಂಚಾಕ್ಷರಿ ಓಮ್ನಿಯನ್ನು ಎಡಕ್ಕೆ ತಿರುಗಿಸಿ ಹಾರಿಸಿಕೊಂಡು ಹೋದ. ಕನ್ನಡಿಯಲ್ಲಿ ನೋಡಿದರೆ ಸಾಯಬಣ್ಣ ವೈರ್‌ಲೆಸ್ಸನ್ನು ಕಿವಿಗಿಟ್ಟುಕೊಂಡು ಸಾಹೇಬರ ಬೈಗುಳ ಕೇಳುತ್ತಿದ್ದ. ಅವನು ಸಪ್ಪೆ ಮುಖದಿಂದ ಡಬ್ಬಿ ಮುಚ್ಚಿ ಕೀಲಿ ಹಾಕುತ್ತಿದ್ದ. ಆಗಲಿ, ಕೆಲಸವಂತೂ ಆಯಿತು. ಪಂಚಾಕ್ಷರಿ ಮೋನಿಷಾಗೆ ಫೋನ್ ಹಚ್ಚಿ, "ಮೇಡಮ್, ಮೇನ್ ರೋಡಿಗೆ ಬಂದೀನ್ರಿ. ಇನ್ನ ಯಾವ ಚಪಾತಿಯವನೂ ನನ್ನ ತಡಿಯಾಕ ಆಗಂಗಿಲ್ಲ" ಎಂದ. ಮೋನಿಷಾಗೆ ಏನೂ ಅರ್ಥವಾಗದೆ "ಓಕೆ ಸಾರ್" ಎಂದಳು.

ಮೆಟ್ರೊ ಕಂಬಗಳ ಸಂದಿಯಲ್ಲಿ ಯೂ-ಟರ್ನ್ ಮಾಡಿ ಕೆ.ಆರ್. ಪುರದ ದಿಕ್ಕಿಗೆ ಮುಖ ಮಾಡಿದ ಮೇಲೆ ಅವನಿಗೊಂದು ವಿಷಯ ಹೊಳೆಯಿತು. ಮುಂದೆ ನಿಂತ ವಾಹನಗಳ ಸಾಲಿನ ತುದಿಯಲ್ಲಿರುವುದು ಅವನದೇ ಓನರಿನ ಅಂಬಾಸಿಡರು. ಜಾಮಿನಿಂದ ಹೊರಬಿದ್ದವನು ಒಂದು ಸುತ್ತು ಹಾಕಿ ಅದೇ ಜಾಮಿನ ಹಿಂಬದಿಗೆ ಬಂದು ನಿಂತಿದ್ದ. ಹಿಂದಿನ ಸೀಟಿನಿಂದ ಎಣ್ಣೆಗಾಯಿ ಪಲ್ಯದ ಘಮ ಬರುತ್ತಿತ್ತು. ಇನ್ನೂ ಬಿಸಿಯಿದೆ, ಇನ್ನೂ ಹೊತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ.

ಆಗ ರಸ್ತೆಯ ಮೇಲೆ ಅಡ್ಡಲಾಗಿ ತೂಗುಬಿಟ್ಟ ದೊಡ್ಡ ಕರಿ ಹಲಗೆಯಲ್ಲಿ ಹಳದಿ ಅಕ್ಷರಗಳು ಬೆಳಗಿದವು. ಅದೂ ಆ ಡಬ್ಬಿಯ ಬಳಗವೇ. "ಮುಂದೆ ಅಡಚಣೆ ಇದೆ. ಕೆ.ಆರ್. ಪುರ, ಮಹದೇವಪುರ ಕಡೆಗೆ ಹೋಗುವವರು ಬಲಕ್ಕೆ ತಿರುಗಿ. ಪರ್ಯಾಯ ಮಾರ್ಗ ಮುಕ್ತವಾಗಿದೆ."

ಬೆಳಿಗ್ಗೆಯಿಂದ ಯಂತ್ರಗಳ ಕುಲವನ್ನೇ ಬೈಯುತ್ತಿದ್ದ ಪಂಚಾಕ್ಷರಿಗೆ ಮನಸ್ಸು ತುಂಬಿ ಬಂತು. "ಹಾಂ! ಪೆಟ್ಟು ಬಿದ್ದಮ್ಯಾಲ ಹೆಂಗ ಹಾದಿಗೆ ಬಂತು ನೋಡು. ಈಗ ತಾನೇ ದಾರಿ ತೋರಸ್ತೈತಿ" ಎಂದು ಗೆದ್ದವನ ಗತ್ತಿನಲ್ಲಿ ಬಲಕ್ಕೆ ತಿರುಗಿದ. ಅವನ ಮುಂದೆ ಕಪ್ಪು ಗಾಜಿನ ಕಂಪನಿ ಬಸ್ಸೊಂದು ಗೋಡೆಯಂತೆ ಸಾಗುತ್ತಿತ್ತು. ಅದರ ಬೆನ್ನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಹಿಂದೆ ಇನ್ನೂ ಬಸ್ಸುಗಳು, ಕ್ಯಾಬುಗಳು, ನೀರಿನ ಟ್ಯಾಂಕರುಗಳು. ಬಸ್ಸು ಎಡಕ್ಕೆ ತಿರುಗಿತು, ಇವನೂ ತಿರುಗಿದ. ಬಸ್ಸು ಇನ್ನೊಮ್ಮೆ ಎಡಕ್ಕೆ ತಿರುಗಿತು, ಇವನೂ ತಿರುಗಿದ. ರಸ್ತೆ ಕಿರಿದಾಗುತ್ತ ಬಂತು. ಎಲ್ಲಿಂದಲೋ ಇಸ್ತ್ರಿ ಕೆಂಡದ ವಾಸನೆ ಮೂಗಿಗೆ ಬಡಿಯಿತು. ಪರಿಚಯದ ವಾಸನೆ ಅನ್ನಿಸಿತು.

ಬಸ್ಸು ನಿಂತಿತು. ಪಂಚಾಕ್ಷರಿಯೂ ನಿಂತ. ಬಲಗಡೆಯ ಕಿಟಕಿಯಾಚೆ ಒಂದು ಮನೆ. ಮನೆಯ ಗೇಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಹೆಂಗಸು.

ಗುರುದೇವಿ.

ಗಂಡ ಹೆಂಡತಿ ಒಬ್ಬರನ್ನೊಬ್ಬರು 'ನೀವೇನು ಇಲ್ಲಿ' ಎಂಬಂತೆ ನೋಡಿಕೊಂಡರು. ಮಾತು ಮೊದಲು ಬಂದದ್ದು ಮೆಟ್ಟಿಲ ಮೇಲೆ ನಿಂತಿದ್ದ ಮಧುಕರ್‌ಗೆ.

"ಅಂಕಲ್, ಸೂಪರ್ ಅಂಕಲ್! ಸಿಸ್ಟಮ್ ನಮ್ಮ ರೋಡಿಗೇ ಎಲ್ಲಾರಿಗಿಂತ ಜಾಸ್ತಿ ಗ್ರೀನ್ ಕೊಡ್ತಿದೆ. ಇಷ್ಟು ಗ್ರೀನ್ ಇರೋದು ದೊಡ್ಡ ರೋಡೇ ಇರ್ಬೇಕು ಅಂತ ತಿಳ್ಕೊಂಡು, ಮೇನ್ ರೋಡ್ ಟ್ರಾಫಿಕ್ಕನ್ನೆಲ್ಲ ನಮ್ಮ ಕಡೆಗೇ ತಿರುಗಿಸ್ಬಿಟ್ಟಿದೆ!"

"ಮತ್ತ ಯಾಕ ಯಾವದೂ ಮುಂದ ಹೋಗವಲ್ದು?"

"ಮುಂದೆ ಮುತ್ತುರಾಜಣ್ಣನ ಗಾಡಿ ಗಾಲಿ ಮುರ್ಕೊಂಡು ಕೂತಿದೆ. ಅದರ ಹಿಂದೆ ನಾವ್ ನಿಲ್ಸಿದ್ವಲ್ಲ, ಅವೆಲ್ಲ ಹಂಗೇ ಇವೆ."

"ತಳ್ಳಾಕ ಒಬ್ಬರೂ ಇಲ್ಲೇನು?"

"ಎಲ್ಲಾ ಸ್ಟೇಷನ್ನಿಗೆ ಹೋಗಿದಾರೆ ಅಂಕಲ್. ಟೋಯಿಂಗ್ ಗಾಡಿ ಬಂದು ಅಂಬಾಸಿಡರ್ ಎತ್ತಿತು. ಓನರ್ ಇಳಿಯಲ್ಲ ಅಂದ್ಬಿಟ್ರು. ಕಾರಲ್ಲಿ ಕೂತಿದ್ದ ಹಂಗೇ ತಗೊಂಡ್ ಹೋದ್ರು. ದಾರಿ ಉದ್ದಕ್ಕೂ ಕೈ ಬೀಸ್ತಾ ಹೋದ್ರಂತೆ."

ಪಂಚಾಕ್ಷರಿಯ ಫೋನು ಬಡಿದುಕೊಂಡಿತು. ಮೋನಿಷಾ. ಅವನು ಗುರುದೇವಿಯ ಮುಖ ನೋಡಿದ. ಅವಳು ಗೇಟಿನ ಸರಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಳಗೆ ರೊಟ್ಟಿ ಬಡಿಯುವ ಆ ಇಬ್ಬರು ಹೆಂಗಸರೂ ಬಾಗಿಲಿಗೆ ಬಂದು ನಿಂತಿದ್ದರು. ಅವನು ಫೋನು ಕಿವಿಗಿಟ್ಟ. ಸೋಲುವವನ ದನಿ ತೆಗೆಯಬಾರದೆಂದು ಜೋರಾಗಿಯೇ ಆರಂಭಿಸಿದ.

"ಮೇಡಮ್, ಇನ್ನೂ ಒಂದ್ ಗಂಟೆ ಆಗಿಲ್ಲ ನೋಡ್ರಿ. ತಲಿ ಮ್ಯಾಲೆ ಹೊತ್ತುಗೊಂಡಾದ್ರೂ ಬರ್ತೀನಿ. ಚಪಾತಿಯವರಿಗೆ ಮಾತ್ರ..."

"ಬರ್ಬೇಡಿ ಸಾರ್" ಎಂದಳು ಮೋನಿಷಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ನಿಮ್ ತಪ್ಪಲ್ಲ ಸಾರ್. ಊಟ ಮಾಡೋಕೆ ಇಲ್ಲಿ ಯಾರೂ ಇಲ್ಲ. ನಮ್ಮ ಸೆಕೆಂಡ್ ಶಿಫ್ಟ್ ಬಸ್ಸುಗಳೆಲ್ಲ ಹಲಸೂರಲ್ಲಿ ಯಾವುದೋ ಗಲ್ಲಿಲಿ ಸಿಕ್ಕಾಕೊಂಡಿವೆ. ಯಾರೋ ಲೋಕಲ್ ಜನ ಇಂಜಿನ್ನೇ ಇಲ್ಲದಿರೋ ಕಾರು ತಂದು ರೋಡ್ ಮಧ್ಯ ಬಿಟ್ರಂತೆ. ಎಂಥೆಂಥೋರು ಇರ್ತಾರೆ ನೋಡಿ. ಮ್ಯಾನೇಜ್ಮೆಂಟಿಗೆ ಸಾಕಾಗೋಯ್ತು. ನಾಳೆಯಿಂದ ಆ ಶಿಫ್ಟಿಗೆ ವರ್ಕ್ ಫ್ರಮ್ ಹೋಮ್, ಮಧ್ಯಾಹ್ನದ ಕ್ಯಾಂಟೀನ್ ಕ್ಲೋಸ್. ಚಪಾತಿಯವರಿಗೂ ಬೇಡ ಅಂತ ಹೇಳ್ಬಿಟ್ಟೆ ಸಾರ್."

ಪಂಚಾಕ್ಷರಿ ತಲೆಯೆತ್ತಿ ಮುಂದಿದ್ದ ಬಸ್ಸಿನ ಬೆನ್ನು ನೋಡಿದ. ಅಷ್ಟು ಹೊತ್ತು ಅದರ ಹಿಂದೆಯೇ ಬಂದಿದ್ದರೂ ಓದಿರಲಿಲ್ಲ. ಈಗ ಓದಿದ. ಅದೇ ಕಂಪನಿಯ ಹೆಸರು. ಅವನ ರೊಟ್ಟಿ ತಿನ್ನಬೇಕಾದವರ ಹಿಂದೆಯೇ ಅವನು ರೊಟ್ಟಿ ಹೊತ್ತುಕೊಂಡು ಸುತ್ತಿದ್ದ. ಅವನು ನೋಡುತ್ತಿದ್ದಂತೆಯೇ ಬಸ್ಸಿನ ಬಾಗಿಲು ತೆರೆಯಿತು. ಚೀಲ ಬೆನ್ನಿಗೇರಿಸಿದ ಹುಡುಗ ಹುಡುಗಿಯರು ನಗುತ್ತ ಇಳಿದು, ಮನೆಗೆ ಹೋಗಲು ಮೆಟ್ರೊ ನಿಲ್ದಾಣದ ಕಡೆಗೆ ಅಡ್ಡಡ್ಡ ನಡೆದು ಹೋದರು.

ಬೇರೆ ಯಾರಾದರೂ ಆಗಿದ್ದರೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದರು. ಪಂಚಾಕ್ಷರಿಗೂ ಅಳಬೇಕೆನ್ನಿಸಿತು. ಆದರೆ ಕಂಬದ ಮೇಲಿನ ಆ ಕ್ಯಾಮರಾ ನೋಡುತ್ತಿತ್ತಲ್ಲ, ಅದರೆದುರು ಅಳುವುದು ಹೇಗೆ?

"ಮಧುಕರ್" ಎಂದು ಗಂಟಲು ಸರಿಮಾಡಿಕೊಂಡ. "ಈಗ ಮೇನ್ ರೋಡಿಗೆ ಹಸಿರು ಎಷ್ಟೊತ್ತು ಉರೀತೈತಿ?"

ಮಧುಕರ್ ಮೆಟ್ಟಿಲ ಮೇಲಿಂದ ಕತ್ತು ಚಾಚಿ ನೋಡಿದ. "ಅಲ್ಲಿ ಒಂದು ಗಾಡಿನೂ ಇಲ್ವಲ್ಲ ಅಂಕಲ್. ಹತ್ಕೊಂಡ ತಕ್ಷಣ ಆರಿಹೋಗ್ತಿದೆ. ಒಂದು ಸೀನು ಸೀನೋಷ್ಟು ಹೊತ್ತು."

ಪಂಚಾಕ್ಷರಿ ಮೀಸೆ ತಿರುವಿದ. ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ನೋಡಿದಿ ಗುರುದೇವಿ? ಗೆದ್ದೀವಿ!" ಎಂದ.

ಗುರುದೇವಿ ತನ್ನ ಗಂಡನನ್ನು ನೋಡಿದಳು, ವ್ಯಾನಿನೊಳಗೆ ಇನ್ನೂ ಹಬೆಯಾಡುತ್ತಿದ್ದ ಡಬ್ಬಿಗಳನ್ನು ನೋಡಿದಳು, ಬೀದಿ ಮುಚ್ಚಿ ನಿಂತ ಖಾಲಿ ಬಸ್ಸನ್ನು ನೋಡಿದಳು.

"ಹೌದ್ರಿ, ಗೆದ್ದೀರಿ" ಎಂದಳು. "ಇನ್ನ ಕೆಳಗಿಳೀರಿ. ಗೆದ್ದ ರೊಟ್ಟಿ ಒಳಗ ತಂದಿಡ್ರಿ."

ಆಗ ಸಿಗ್ನಲ್ಲು ಮತ್ತೆ ಹಸಿರಾಯಿತು. ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೆಂಟು. ಪಂಚಾಕ್ಷರಿ ಅಭ್ಯಾಸಬಲದಿಂದ ಗೇರು ಹಾಕಿ ಕಾಯುತ್ತ ಕೂತ.